‘ಮುಂದಿನ ವರ್ಷ ನೋಡೋಣ’ ಎಂಬ ಸುಳ್ಳು

ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ನಮ್ಮ ಯಾವುದಾದರೂ ಮೊಹಲ್ಲಾದ ಮನೆಯೊಂದಕ್ಕೆ ಹೋಗಿ ನೋಡಿ. ಹುಡುಗಿ ಒಳ್ಳೆಯ ಅಂಕ ತೆಗೆದಿರುತ್ತಾಳೆ. ಅಕ್ಕಪಕ್ಕದವರಿಗೆ ಮಿಠಾಯಿ ಹಂಚಿ ಆಗಿರುತ್ತದೆ. ರಾತ್ರಿ ಊಟವಾದ ಮೇಲೆ ಮಾತು ಕಾಲೇಜಿನ ಕಡೆಗೆ ತಿರುಗುತ್ತದೆ. ಹುಡುಗಿ ಮೆಲ್ಲಗೆ ಒಂದು ಕಾಲೇಜಿನ ಹೆಸರು ಹೇಳುತ್ತಾಳೆ. ಅದು ಪಕ್ಕದ ಜಿಲ್ಲೆಯ ದೊಡ್ಡ ಊರಿನಲ್ಲಿರುತ್ತದೆ. ಅಬ್ಬಾ ಏನೂ ಹೇಳುವುದಿಲ್ಲ. ಅಮ್ಮಿ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಾರೆ. ಆಗ ಮನೆಗೆ ಬಂದ ಮಾಮುವೋ ಚಾಚಾನೋ ಬಹಳ ಪ್ರೀತಿಯಿಂದ ಹೇಳುತ್ತಾರೆ: ‘ಬೇಟಾ, ಸದ್ಯಕ್ಕೆ ಇಲ್ಲೇ ಸೇರಿಕೋ. ಒಂದು ವರ್ಷ ಕಳೆಯಲಿ. ಮುಂದಿನ ವರ್ಷ ಅಲ್ಲಿಗೆ ಟ್ರಾನ್ಸ್‌ಫರ್ ಮಾಡಿಸಿದರಾಯಿತು, ಇನ್ಶಾ ಅಲ್ಲಾಹ್.’

ಎಲ್ಲರಿಗೂ ಸಮಾಧಾನವಾಗುತ್ತದೆ. ಯಾರೂ ‘ಬೇಡ’ ಎಂದಿಲ್ಲ, ಯಾರ ಮನಸ್ಸೂ ನೋಯಲಿಲ್ಲ. ಹುಡುಗಿಯೂ ತಲೆಯಾಡಿಸುತ್ತಾಳೆ. ನನ್ನ ತಕರಾರು ಇರುವುದು ಈ ಸಮಾಧಾನದ ಬಗ್ಗೆಯೇ. ಏಕೆಂದರೆ ನಾನು ಕಂಡ ಮಟ್ಟಿಗೆ ಆ ಮುಂದಿನ ವರ್ಷ ಬರುವುದೇ ಇಲ್ಲ. ಬರುವುದಿಲ್ಲ ಎಂಬುದು ಆ ಮಾತು ಹೇಳುವವರಿಗೂ ಬಹುತೇಕ ಗೊತ್ತಿರುತ್ತದೆ.

ಅದೇ ಮನೆಯ ಮಗನ ವಿಷಯ ನೋಡಿ. ಅವನು ಎರಡನೇ ದರ್ಜೆಯಲ್ಲಿ ಪಾಸಾಗಿದ್ದರೂ ಬೆಂಗಳೂರಿಗೋ ಹುಬ್ಬಳ್ಳಿಗೋ ಮೊದಲ ವರ್ಷದಲ್ಲೇ ಹೋಗುತ್ತಾನೆ. ಡೊನೇಶನ್‌ಗೆ ಸಾಲ ತೆಗೆಯುತ್ತಾರೆ, ಬೇಕಾದರೆ ಅಮ್ಮಿಯ ಬಳೆ ಅಡವಿಡುತ್ತಾರೆ. ‘ಈ ವರ್ಷ ಇಲ್ಲೇ ಇರು, ಮುಂದಿನ ವರ್ಷ ನೋಡೋಣ’ ಎಂದು ಅವನಿಗೆ ಯಾರೂ ಹೇಳುವುದಿಲ್ಲ. ಹೇಳಿದರೆ ಅವನು ಕೇಳುವುದೂ ಇಲ್ಲ. ಕಾಲೇಜು ಬದಲಾಯಿಸುವ ಯೋಜನೆ ಎಂಬುದು ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಮಾತ್ರ ಮೀಸಲಾದ ಒಂದು ವಿಶೇಷ ಸವಲತ್ತು!

ನನ್ನ ಆಪಾಳ ಮಗಳು 2023ರಲ್ಲಿ ಪಿಯುಸಿ ಮುಗಿಸಿದಳು. ಸೂಕ್ಷ್ಮಜೀವಶಾಸ್ತ್ರ ಓದಬೇಕೆಂಬುದು ಅವಳ ಆಸೆ. ನಮ್ಮ ತಾಲೂಕು ಕೇಂದ್ರದ ಕಾಲೇಜಿನಲ್ಲಿ ಬಿ.ಎಸ್ಸಿ. ಇತ್ತು, ಆದರೆ ಅಲ್ಲಿದ್ದದ್ದು ಭೌತಶಾಸ್ತ್ರ ಮತ್ತು ಗಣಿತ. ‘ಬಿ.ಎಸ್ಸಿ. ಬಿ.ಎಸ್ಸಿ.ಯೇ ಅಲ್ಲವೇ, ಮೊದಲು ಸೇರಲಿ’ ಎಂದರು ದೂಲ್ಹಾಭಾಯಿ. ಆ ದಿನ ನಾನೂ ಅಲ್ಲೇ ಕುಳಿತಿದ್ದೆ. ನಾನೂ ‘ಹೌದು’ ಎಂದೆ. ಒಂದು ವರ್ಷದ ಬಳಿಕ ಅವಳು ಅಂಕಪಟ್ಟಿ ಹಿಡಿದುಕೊಂಡು ಅಬ್ಬಾನೊಂದಿಗೆ ದೊಡ್ಡ ಊರಿನ ಕಾಲೇಜಿಗೆ ಹೋದಳು. ಕಚೇರಿಯ ಗುಮಾಸ್ತರು ಅಂಕಪಟ್ಟಿಯನ್ನು ಒಮ್ಮೆ ನೋಡಿ, ‘ಇವಳು ಓದಿದ ವಿಷಯಗಳೇ ಬೇರೆ. ಮೊದಲ ವರ್ಷಕ್ಕೆ ಹೊಸದಾಗಿ ಅರ್ಜಿ ಹಾಕಿ’ ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಬಸ್ಸಿನಲ್ಲಿ ಮರಳಿ ಬರುವಾಗ ದೂಲ್ಹಾಭಾಯಿ, ‘ಒಂದು ವರ್ಷ ಸುಮ್ಮನೆ ಹಾಳು ಮಾಡುವುದು ಬೇಡ’ ಎಂದರಂತೆ. ಹೀಗೆ ವಿಷಯ ಮುಗಿಯಿತು. ಅವಳು ತನಗೆ ಬೇಡದ ಗಣಿತವನ್ನೇ ಓದಿ ಮುಗಿಸಿದಳು.

ಇಲ್ಲಿ ಯಾರು ದುಷ್ಟರು? ಯಾರೂ ಅಲ್ಲ. ಆದರೆ ಒಂದು ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ಆ ಹುಡುಗಿಯ ಮೂರು ವರ್ಷಗಳು ಬೇರೆಯಾಗುತ್ತಿದ್ದವು. ಇಲ್ಲಿ ಓದಿದ್ದನ್ನು ಅಲ್ಲಿ ಒಪ್ಪುತ್ತಾರೆಯೇ? ಆ ಪ್ರಶ್ನೆಯನ್ನು ನಾವು ಯಾರೂ ಕೇಳಲಿಲ್ಲ. ಕತೆ ಬರೆಯುವ, ಹತ್ತು ಜನರ ಮುಂದೆ ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಮಾತನಾಡುವ ನಾನೂ ಕೇಳಲಿಲ್ಲ.

ಕಾಲೇಜು ಬದಲಾವಣೆ ಎಂದರೆ ಬಸ್ಸು ಬದಲಾಯಿಸಿದಂತೆ ಎಂದು ನಾವು ತಿಳಿದಿದ್ದೇವೆ. ಅದು ಹಾಗಲ್ಲ. ಮೊದಲನೆಯದಾಗಿ ಸೀಟು ಖಾಲಿ ಇರಬೇಕು. ಒಳ್ಳೆಯ ಕಾಲೇಜಿನ ಬೇಡಿಕೆಯ ವಿಭಾಗದಲ್ಲಿ ಮೊದಲ ವರ್ಷವೇ ಸೀಟು ತುಂಬಿರುತ್ತದೆ. ತುಂಬಿದ ಸೀಟಿನಿಂದ ಯಾರಾದರೂ ಎದ್ದು ಹೋದರೆ ಮಾತ್ರ ಎರಡನೇ ವರ್ಷ ಜಾಗ. ಧಾರಾಳವಾಗಿ ಖಾಲಿ ಇರುವುದು ಯಾರಿಗೂ ಬೇಡವಾದ ಕಡೆ. ಅಂದರೆ ಮೊದಲ ವರ್ಷದ ಪ್ರವೇಶಕ್ಕಿಂತ ಎರಡನೇ ವರ್ಷದ ಪ್ರವೇಶ ಸುಲಭ ಎಂಬ ನಮ್ಮ ಲೆಕ್ಕಾಚಾರ ತಲೆಕೆಳಗಾದದ್ದು. ಮುಂಬಾಗಿಲು ತೆರೆದಿದ್ದಾಗ ಒಳಗೆ ಹೋಗದೆ, ಬಾಗಿಲು ಹಾಕಿದ ಮೇಲೆ ಕಿಟಕಿಯಿಂದ ಹತ್ತುತ್ತೇವೆ ಎಂದು ಹೇಳಿದಂತೆ.

ಎರಡನೆಯದು, ವಿಷಯಗಳ ಹೊಂದಾಣಿಕೆ. ಒಂದೇ ವಿಶ್ವವಿದ್ಯಾಲಯದ ಎರಡು ಕಾಲೇಜುಗಳಾದರೆ ಪಠ್ಯಕ್ರಮ ಒಂದೇ ಇರುತ್ತದೆ, ತೊಡಕು ಕಡಿಮೆ. ಸ್ವಾಯತ್ತ ಕಾಲೇಜಾದರೆ ಅದರ ಪಠ್ಯಕ್ರಮ ಅದರದೇ. ಬೇರೆ ವಿಶ್ವವಿದ್ಯಾಲಯವಾದರೆ ವಲಸೆ ಪ್ರಮಾಣಪತ್ರ ಬೇಕು, ಓದಿದ್ದು ಸಮಾನವೆಂದು ಆ ವಿಶ್ವವಿದ್ಯಾಲಯ ಒಪ್ಪಬೇಕು, ಒಪ್ಪದ ಪತ್ರಿಕೆಗಳನ್ನು ಮತ್ತೆ ಬರೆಯಬೇಕು. 2023ರಲ್ಲಿ ಹಾವೇರಿ, ಹಾಸನ, ಬೀದರ್, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ, ಕೊಡಗು ಜಿಲ್ಲೆಗಳಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯಗಳು ಆರಂಭವಾದವು. ಅಲ್ಲಿಯವರೆಗೆ ಹಾಸನದ ವಿದ್ಯಾರ್ಥಿಗೆ ಮೈಸೂರು ತನ್ನದೇ ವಿಶ್ವವಿದ್ಯಾಲಯದ ಊರು, ಹಾವೇರಿಯವರಿಗೆ ಧಾರವಾಡ ಹಾಗೆಯೇ. ಆಮೇಲೆ ಅದು ಬೇರೆ ವಿಶ್ವವಿದ್ಯಾಲಯವಾಯಿತು. 2025ರ ಆರಂಭದಲ್ಲಿ ಈ ಹೊಸ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವನ್ನು ಮುಚ್ಚಿ ಹಳೆಯವಕ್ಕೇ ಸೇರಿಸುವ ಮಾತು ಸಚಿವ ಸಂಪುಟದ ಉಪಸಮಿತಿಯಿಂದಲೇ ಬಂತು. ವಿಶ್ವವಿದ್ಯಾಲಯಗಳ ಗಡಿಯೇ ಹೀಗೆ ಅಲುಗಾಡುತ್ತಿರುವಾಗ ನಮ್ಮ ಮನೆಯ ಮಾಮು ‘ಮುಂದಿನ ವರ್ಷ’ದ ಭರವಸೆ ಕೊಡುತ್ತಾರೆ!

ಪದವಿಯ ಸ್ವರೂಪವೂ ಹಾಗೆಯೇ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂತು. 2024-25ರಿಂದ ರಾಜ್ಯ ಸರಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಿಂದಿನ ವರ್ಷದ ವಿದ್ಯಾರ್ಥಿಗಳಿಗೆ ಒಂದು ಕ್ರಮ, ಹೊಸಬರಿಗೆ ಇನ್ನೊಂದು. ಆ ಸಮಯದಲ್ಲಿ ಒಂದು ವರ್ಷ ಬಿಟ್ಟು ಹೊಸದಾಗಿ ಸೇರಿದವರು ಬೇರೆಯೇ ಪಠ್ಯಕ್ರಮದೊಳಗೆ ಬಿದ್ದರು. ‘ಈಗ ಕ್ರೆಡಿಟ್ ಬ್ಯಾಂಕ್ ಇದೆಯಲ್ಲ’ ಎಂದು ಓದಿಕೊಂಡ ಕೆಲವರು ಹೇಳುತ್ತಾರೆ. ನಿಜ, ಯುಜಿಸಿ 2021ರಲ್ಲಿ ಅದಕ್ಕೆ ನಿಯಮಾವಳಿ ತಂದಿತು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳು ಅವರ ಖಾತೆಯಲ್ಲಿ ಜಮೆಯಾಗುತ್ತವೆ. ಆದರೆ ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ತರಗತಿಯಲ್ಲಿ ಬೆಂಚು ಸಿಗುವುದಿಲ್ಲ.

ಮೂರನೆಯ ತೊಡಕು ನಮ್ಮದೇ ಆದದ್ದು, ಅದನ್ನು ಹೊರಗಿನವರು ಯಾರೂ ಹೇಳುವುದಿಲ್ಲ. ಉರ್ದು ಶಾಲೆಯಲ್ಲಿ ಓದಿ ಬಂದ ಹುಡುಗಿ ಮೊದಲ ವರ್ಷದಲ್ಲಿ ಭಾಷಾ ವಿಷಯವಾಗಿ ಉರ್ದು ತೆಗೆದುಕೊಳ್ಳುತ್ತಾಳೆ. ಸಹಜ, ಅಂಕವೂ ಬರುತ್ತದೆ. ಅವಳು ಹೋಗಬೇಕೆಂದಿರುವ ಕಾಲೇಜಿನಲ್ಲಿ ಉರ್ದು ವಿಭಾಗವೇ ಇಲ್ಲದಿದ್ದರೆ? ಅಲ್ಲಿ ಕನ್ನಡವೋ ಹಿಂದಿಯೋ ತೆಗೆದುಕೊಳ್ಳಬೇಕು, ಬಿಟ್ಟುಹೋದ ಸೆಮಿಸ್ಟರ್‌ಗಳ ಭಾಷಾ ಪತ್ರಿಕೆಯ ಗತಿ ಏನು ಎಂದು ಅಲೆಯಬೇಕು. ಉರ್ದು ಓದಬೇಡಿ ಎಂದು ನಾನು ಹೇಳುತ್ತಿಲ್ಲ. ನಾನು ಅಕ್ಷರ ಕಲಿತದ್ದೇ ಉರ್ದುವಿನಲ್ಲಿ, ಕತೆ ಬರೆದದ್ದು ಕನ್ನಡದಲ್ಲಿ. ಎರಡೂ ನನಗೆ ಅನ್ನ ಹಾಕಿವೆ. ಹೋಗುವ ಊರಿನಲ್ಲಿ ಆ ಭಾಷೆಯ ಅಧ್ಯಾಪಕರು ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ ಎಂದಷ್ಟೇ ಹೇಳುತ್ತಿದ್ದೇನೆ.

ಇನ್ನು ಎಂಜಿನಿಯರಿಂಗ್. ಇಲ್ಲಿ ‘ಮುಂದಿನ ವರ್ಷ’ದ ವ್ಯಾಪಾರ ಮಾಡುವವರು ಮಾಮು ಅಲ್ಲ, ಏಜೆಂಟರು. ‘ಈಗ ಈ ಕಾಲೇಜಿಗೆ ಸೇರಿಸಿ, ಸೆಕೆಂಡ್ ಇಯರ್‌ನಲ್ಲಿ ದೊಡ್ಡ ಕಾಲೇಜಿಗೆ ನಾನೇ ಬದಲಾಯಿಸಿ ಕೊಡುತ್ತೇನೆ’ ಎಂದು ಕಮಿಷನ್ ತೆಗೆದುಕೊಂಡು ಹೋಗುತ್ತಾರೆ. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಾಲೇಜು ಬದಲಾವಣೆಗೆ ಅವಕಾಶ ಇದೆ, ಸುಳ್ಳಲ್ಲ. ಆದರೆ ಅದಕ್ಕೆ ಸೀಟು ಖಾಲಿ ಇರಬೇಕು, ಬಿಡುವ ಕಾಲೇಜು ಮತ್ತು ಸೇರಿಸಿಕೊಳ್ಳುವ ಕಾಲೇಜು ಎರಡೂ ಒಪ್ಪಬೇಕು, ವಿಶ್ವವಿದ್ಯಾಲಯ ಅನುಮತಿ ಕೊಡಬೇಕು. ಈ ಮೂರರಲ್ಲಿ ಒಂದೂ ಏಜೆಂಟರ ಕೈಯಲ್ಲಿಲ್ಲ. ಬಿಡುವ ಕಾಲೇಜು ‘ಉಳಿದ ವರ್ಷಗಳ ಫೀ ಕಟ್ಟಿ, ಆಮೇಲೆ ನಿಮ್ಮ ಅಂಕಪಟ್ಟಿ ತೆಗೆದುಕೊಂಡು ಹೋಗಿ’ ಎಂದ ಉದಾಹರಣೆಗಳನ್ನು ನಾವೆಲ್ಲ ಕೇಳಿದ್ದೇವೆ. ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳಬಾರದೆಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಆ ಕಾಗದವನ್ನು ತೋರಿಸಿ ಮಾತನಾಡುವ ಧೈರ್ಯ ನಮ್ಮ ಎಷ್ಟು ತಂದೆಯರಿಗಿದೆ?

ಹಾಗಾದರೆ ಒಂದು ಕಡೆ ಆರಂಭಿಸಿ ಇನ್ನೊಂದು ಕಡೆ ಮುಗಿಸುವುದೇ ತಪ್ಪೇ? ಅಲ್ಲ. ಅಮೆರಿಕದಲ್ಲಿರುವ ನೆಂಟರು ಊರಿಗೆ ಬಂದಾಗ ‘ಅಲ್ಲಿ ಎಷ್ಟೋ ಮಕ್ಕಳು ಹಾಗೇ ಮಾಡುತ್ತಾರೆ’ ಎನ್ನುತ್ತಾರೆ. ಅದು ನಿಜ. ಕ್ಯಾಲಿಫೋರ್ನಿಯಾ ರಾಜ್ಯವು 1960ರಲ್ಲೇ ಉನ್ನತ ಶಿಕ್ಷಣಕ್ಕೆ ಒಂದು ಯೋಜನೆ ರೂಪಿಸಿತು. ಮನೆಯ ಹತ್ತಿರದ, ಕಡಿಮೆ ಫೀಯ ಸಮುದಾಯ ಕಾಲೇಜಿನಲ್ಲಿ ಎರಡು ವರ್ಷ ಓದಿ ಆಮೇಲೆ ವಿಶ್ವವಿದ್ಯಾಲಯ ಸೇರುವುದು ಆ ಯೋಜನೆಯ ಭಾಗವೇ ಆಗಿತ್ತು. ಯಾವ ಕಾಲೇಜಿನ ಯಾವ ಪಾಠ ಯಾವ ವಿಶ್ವವಿದ್ಯಾಲಯದಲ್ಲಿ ಯಾವುದಕ್ಕೆ ಸಮ ಎಂಬ ಪಟ್ಟಿಯನ್ನು ವಿದ್ಯಾರ್ಥಿ ಮೊದಲ ದಿನವೇ ನೋಡಬಹುದು. ಅಲ್ಲಿ ಅದೊಂದು ದಾರಿ. ನಮ್ಮಲ್ಲಿ ಅದು ಬರಿಯ ಮಾತು.

ಅಷ್ಟು ದೂರ ಏಕೆ, ಅಂತಹ ದಾರಿ ನಮ್ಮಲ್ಲೇ ಒಂದಿದೆ. ಎಸ್ಸೆಸ್ಸೆಲ್ಸಿ ಮುಗಿಸಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಿದವರು ಡಿಸಿಇಟಿ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಅದಕ್ಕೆ ನಿಯಮವಿದೆ, ಪರೀಕ್ಷೆಯಿದೆ, ರ‍್ಯಾಂಕ್ ಇದೆ. ಯಾರ ಶಿಫಾರಸೂ ಬೇಡ, ಏಜೆಂಟರೂ ಬೇಡ. ನಮ್ಮ ಎಷ್ಟು ಮಂದಿ ಹೆಣ್ಣುಮಕ್ಕಳನ್ನು ನಾವು ಈ ದಾರಿಗೆ ಕಳಿಸಿದ್ದೇವೆ? ‘ಪಾಲಿಟೆಕ್ನಿಕ್ ಗಂಡುಮಕ್ಕಳದು’ ಎಂದು ಹೇಳಿ, ಬರೆದಿಟ್ಟ ದಾರಿಯನ್ನು ಬಿಟ್ಟು, ಬರೆಯದ ದಾರಿಯ ಭರವಸೆಯನ್ನು ಅವರ ಕೈಗಿಡುತ್ತೇವೆ.

ನನಗೆ ಬರುವ ಉತ್ತರಗಳು ಗೊತ್ತಿವೆ. ಮೊದಲನೆಯದು ಹಣ. ಬಡತನದ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬೀಡಿ ಕಟ್ಟಿ, ಹೊಲಿಗೆ ಹಾಕಿ ಮಕ್ಕಳನ್ನು ಓದಿಸುವ ತಾಯಂದಿರ ಮನೆಯಲ್ಲೇ ನಾವು ಬೆಳೆದದ್ದು. ಆದರೆ ಹಣ ಇಲ್ಲ ಎಂದಾದರೆ ‘ಹಣ ಇಲ್ಲ’ ಎಂದೇ ಹೇಳೋಣ. ಆಗ ಆ ಹುಡುಗಿ ಇರುವ ಕಾಲೇಜನ್ನೇ ತನ್ನದೆಂದು ತಿಳಿದು ಮೊದಲ ದಿನದಿಂದ ಓದುತ್ತಾಳೆ, ಇರುವ ವಿಷಯಗಳಲ್ಲೇ ತನಗೆ ಬೇಕಾದದ್ದನ್ನು ಆರಿಸುತ್ತಾಳೆ. ಅಥವಾ ಹಾಸ್ಟೆಲ್, ವಿದ್ಯಾರ್ಥಿವೇತನ ಹುಡುಕುತ್ತಾಳೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗಳನ್ನು ನಡೆಸುತ್ತದೆ. ಹಾಸ್ಟೆಲ್‌ನಲ್ಲೂ ಅದೇ ಕತೆ: ಮೊದಲ ವರ್ಷ ಸೇರಿದವರು ಕೋರ್ಸು ಮುಗಿಯುವವರೆಗೆ ಇರುತ್ತಾರೆ, ಎರಡನೇ ವರ್ಷ ಬಂದವರಿಗೆ ಯಾರೋ ಬಿಟ್ಟುಹೋದ ಮಂಚ ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಬಸ್ ಚಾರ್ಜಿನ ಮಾತಂತೂ 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ದುರ್ಬಲವಾಯಿತು. ನಿತ್ಯ ಹೋಗಿ ಬರುವಷ್ಟು ದೂರದ ಕಾಲೇಜನ್ನು ಕೂಡ ‘ಖರ್ಚು’ ಎಂದು ತಳ್ಳಿಹಾಕುವ ಕಾರಣ ಅಂದೇ ಹೋಯಿತು. ನಾವು ಮಾತ್ರ ಹಳೆಯ ಲೆಕ್ಕವನ್ನೇ ಹೇಳುತ್ತಿದ್ದೇವೆ.

ಎರಡನೆಯ ಉತ್ತರ ಇನ್ನೂ ಗಂಭೀರ: ‘2022 ಮರೆತಿರಾ?’ ಮರೆತಿಲ್ಲ. ಆ ವರ್ಷದ ಫೆಬ್ರವರಿ 5ರ ಸರಕಾರಿ ಆದೇಶ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಗೇಟಿನ ಹೊರಗೆ ನಿಂತ ನಮ್ಮ ಮಕ್ಕಳು, ಇವನ್ನು ಮರೆಯುವುದು ಹೇಗೆ? ಅಂದು ಎಷ್ಟೋ ಹುಡುಗಿಯರು ನಡುವರ್ಷದಲ್ಲೇ ಟಿ.ಸಿ. ಪಡೆದು ಬೇರೆ ಕಾಲೇಜು ಹುಡುಕಿದರು. ಕೆಲವರಿಗೆ ಸಿಕ್ಕಿತು, ಕೆಲವರು ಮನೆಗೆ ಮರಳಿದರು. ಕಾಲೇಜು ಬದಲಾವಣೆ ಎಷ್ಟು ಕಷ್ಟದ್ದು ಎಂದು ಈ ರಾಜ್ಯದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನಮ್ಮ ಹೆಣ್ಣುಮಕ್ಕಳಿಗೆ. ಅವರನ್ನು ಬಲವಂತದಿಂದ ಆ ದಾರಿಗೆ ತಳ್ಳಿದವರ ಅನ್ಯಾಯವನ್ನು ನಾವು ಪ್ರಶ್ನಿಸಿದೆವು, ಪ್ರಶ್ನಿಸಲೇಬೇಕಿತ್ತು. 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಪೀಠ ಭಿನ್ನ ತೀರ್ಪು ಕೊಟ್ಟಾಗ ನ್ಯಾಯಮೂರ್ತಿ ಸುಧಾಂಶು ಧುಲಿಯಾ ಅವರು ಹೆಣ್ಣುಮಗುವಿನ ಶಿಕ್ಷಣವೇ ತಮ್ಮ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೊದಲು ಇದ್ದ ಪ್ರಶ್ನೆ ಎಂದರು. ನಮ್ಮ ಸಭೆಗಳಲ್ಲಿ ಆ ಮಾತನ್ನು ಮೆಚ್ಚಿಕೊಂಡು ಹೇಳಿದೆವು. ನಮ್ಮ ಮನೆಗಳಲ್ಲಿ ಆ ಪ್ರಶ್ನೆ ಎಷ್ಟನೆಯದು?

ಅಂದು ಕಾಲೇಜಿನ ಗೇಟು ಮುಚ್ಚಿದವರು ‘ಬೇಡ’ ಎಂದು ನೇರವಾಗಿ ಹೇಳಿದರು. ನಾವು ‘ಬೇಡ’ ಎನ್ನುವುದಿಲ್ಲ, ‘ಮುಂದಿನ ವರ್ಷ’ ಎನ್ನುತ್ತೇವೆ. ಹೊರಗಿನ ಅನ್ಯಾಯದ ವಿರುದ್ಧ ಕೋರ್ಟಿಗೆ ಹೋಗಬಹುದು. ಪ್ರೀತಿಯಿಂದ ತಲೆ ಸವರಿ ಹೇಳಿದ ‘ಮುಂದಿನ ವರ್ಷ’ದ ವಿರುದ್ಧ ಹುಡುಗಿ ಯಾವ ಕೋರ್ಟಿಗೆ ಹೋಗಬೇಕು?

2006ರ ಸಾಚಾರ್ ಸಮಿತಿಯ ವರದಿ ದೇಶದಲ್ಲಿ 17 ವರ್ಷ ದಾಟಿದವರಲ್ಲಿ ಶೇ. 26ರಷ್ಟು ಮಂದಿ ಮೆಟ್ರಿಕ್ ಮುಗಿಸಿದ್ದರೆ ಮುಸ್ಲಿಮರಲ್ಲಿ ಶೇ. 17ರಷ್ಟು ಮಾತ್ರ ಎಂದಿತು. ಅದನ್ನು ಹಿಡಿದುಕೊಂಡು ನಾವು ಸರಕಾರಗಳನ್ನು ಬೈದೆವು, ಬೈಯುವುದಕ್ಕೆ ಕಾರಣವೂ ಇತ್ತು. ಆದರೆ ಮೆಟ್ರಿಕ್ ದಾಟಿ, ಪಿಯುಸಿ ದಾಟಿ, ಒಳ್ಳೆಯ ಅಂಕ ಹಿಡಿದು ಕಾಲೇಜಿನ ಬಾಗಿಲಿಗೆ ಬಂದ ಹುಡುಗಿಯನ್ನು ಹತ್ತಿರದ ಯಾವುದೋ ಕಾಲೇಜಿಗೆ, ಯಾವುದೋ ವಿಷಯಕ್ಕೆ ಸೇರಿಸುವವರು ಸರಕಾರದವರಲ್ಲ. ಆ ಅರ್ಜಿಗೆ ಸಹಿ ನಮ್ಮದು.

‘ಇನ್ಶಾ ಅಲ್ಲಾಹ್’ ಎಂಬ ಮಾತಿನ ಬಗ್ಗೆಯೂ ಹೇಳಲೇಬೇಕು. ನಾಳೆ ಇದನ್ನು ಮಾಡುತ್ತೇನೆ ಎನ್ನುವಾಗ ‘ಅಲ್ಲಾಹನು ಬಯಸಿದರೆ’ ಎಂದು ಸೇರಿಸಿ ಹೇಳುವುದನ್ನು ನಮಗೆ ಕಲಿಸಲಾಗಿದೆ. ಅದು ಮಾಡುವ ಸಂಕಲ್ಪ ಇರುವವರ ವಿನಯ. ಮಾಡುವ ಮನಸ್ಸೇ ಇಲ್ಲದವರು ಅದನ್ನು ಹೇಳಿದರೆ ತಮ್ಮ ‘ಇಲ್ಲ’ವನ್ನು ಅಲ್ಲಾಹನ ಹೆಸರಿನ ಹಿಂದೆ ಅಡಗಿಸಿದಂತೆ. ಕೊಟ್ಟ ವಾದಾ ಮುರಿಯುವುದು ಎಂಥ ದುರ್ಗುಣವೆಂದು ಶುಕ್ರವಾರದ ಖುತ್ಬಾಗಳಲ್ಲಿ ನಾವು ಕೇಳುತ್ತೇವೆ. ಸಾಲದ ವಾದಾ, ವ್ಯಾಪಾರದ ವಾದಾ ಮಾತ್ರ ವಾದಾವೇ? ಹದಿನೇಳು ವರ್ಷದ ಮಗಳಿಗೆ ಕೊಟ್ಟದ್ದು ವಾದಾ ಅಲ್ಲವೇ?

ಆದ್ದರಿಂದ ಈ ಬೇಸಿಗೆಯಲ್ಲಿ ಮಕ್ಕಳನ್ನು ಕಾಲೇಜಿಗೆ ಸೇರಿಸುವವರಲ್ಲಿ ನನ್ನ ಮನವಿ ಎರಡೇ. ಬದಲಾಯಿಸುವ ಮನಸ್ಸು ಇಲ್ಲದಿದ್ದರೆ ಆ ಮಾತು ಹೇಳಬೇಡಿ. ಇದೇ ಅವಳ ಕಾಲೇಜು, ಕೊನೆಯವರೆಗೂ ಇದೇ ಎಂದುಕೊಂಡು, ಅಲ್ಲಿ ಅಧ್ಯಾಪಕರು ಇದ್ದಾರೆಯೇ, ಪ್ರಯೋಗಾಲಯ ಇದೆಯೇ, ಅವಳಿಗೆ ಬೇಕಾದ ವಿಷಯ ಇದೆಯೇ ಎಂದು ನೋಡಿ ಸೇರಿಸಿ. ಬದಲಾಯಿಸುವ ಮನಸ್ಸು ನಿಜವಾಗಿಯೂ ಇದ್ದರೆ ಮೊದಲ ಕಾಲೇಜನ್ನು ಎರಡನೇ ಕಾಲೇಜಿನ ಬಾಗಿಲಲ್ಲಿ ನಿಂತು ಆರಿಸಿ. ಅಂದರೆ ಮೊದಲು ಅಲ್ಲಿಗೆ ಹೋಗಿ ವಿಚಾರಿಸಿ: ಎರಡನೇ ವರ್ಷಕ್ಕೆ ಹೊರಗಿನವರನ್ನು ತೆಗೆದುಕೊಳ್ಳುತ್ತೀರಾ, ಯಾವ ವಿಷಯಗಳನ್ನು ಓದಿ ಬಂದಿರಬೇಕು, ಯಾವ ವಿಶ್ವವಿದ್ಯಾಲಯದಿಂದ, ಯಾವ ಭಾಷೆ, ಅರ್ಜಿಗೆ ಕೊನೆಯ ದಿನ ಯಾವುದು? ಆ ಉತ್ತರಗಳನ್ನು ಬರೆದುಕೊಂಡು ಬಂದು, ಅದೇ ವಿಶ್ವವಿದ್ಯಾಲಯದ, ಅದೇ ವಿಷಯಗಳಿರುವ ಕಾಲೇಜನ್ನು ನಿಮ್ಮ ಹತ್ತಿರ ಹುಡುಕಿ. ಮೊದಲ ವರ್ಷ ಒಂದು ಪತ್ರಿಕೆಯೂ ಬಾಕಿ ಉಳಿಯದಂತೆ ಅವಳು ಓದಲಿ. ಮದುವೆ ಮನೆಗಳ ಹೆಸರಿನಲ್ಲಿ ಅವಳ ಹಾಜರಿ ಕೆಡಿಸಬೇಡಿ. ಹೊಸ ಕಾಲೇಜು ಒಪ್ಪಿಕೊಂಡಿತು ಎಂಬ ಕಾಗದ ಕೈಗೆ ಬರುವವರೆಗೆ ಹಳೆಯ ಕಾಲೇಜಿನಿಂದ ಟಿ.ಸಿ. ತೆಗೆಯಬೇಡಿ. ತೆಗೆದ ದಿನ ಹೆಸರು ಇಲ್ಲಿಂದ ಹೋಗುತ್ತದೆ, ಅಲ್ಲಿ ಇನ್ನೂ ಬಂದಿರುವುದಿಲ್ಲ.

ನಮ್ಮ ಜಮಾಅತ್‌ಗಳಿಗೂ ಒಂದು ಮಾತು. ಪ್ರತಿಭಾ ಪುರಸ್ಕಾರದ ದಿನ ಶಾಲು ಹೊದಿಸಿ, ಫಲಕ ಕೊಟ್ಟು, ಫೋಟೊ ತೆಗೆಸಿಕೊಂಡರೆ ನಮ್ಮ ಕರ್ತವ್ಯ ಮುಗಿಯಿತೇ? ಆ ಸಭೆಯ ಖರ್ಚಿನಲ್ಲಿ ಒಂದು ಪಾಲು ಸಾಕು, ಓದಿದ ಇಬ್ಬರು ಯುವಕ ಯುವತಿಯರನ್ನು ಫಲಿತಾಂಶದ ವಾರ ಮದ್ರಸದ ಕೋಣೆಯಲ್ಲಿ ಕೂರಿಸಿ, ಯಾವ ಕಾಲೇಜಿನಲ್ಲಿ ಯಾವ ವಿಷಯ, ಯಾವ ಹಾಸ್ಟೆಲ್, ಯಾವ ಕೊನೆಯ ದಿನ ಎಂದು ತಂದೆತಾಯಿಯರಿಗೆ ಹೇಳಿಸಲು. ಶಾಲಿಗಿಂತ ಅದು ಹೆಚ್ಚು ದಿನ ಬೆಚ್ಚಗಿಡುತ್ತದೆ.

ಆಪಾಳ ಮಗಳು ಈಗ ಮೊಹಲ್ಲಾದ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಾಳೆ. ಚೆನ್ನಾಗಿಯೇ ಹೇಳುತ್ತಾಳೆ. ಮೊನ್ನೆ ಈದ್‌ಗೆ ಹೋದಾಗ ಅವಳ ತಂಗಿ ಪಿಯುಸಿ ಮೊದಲ ವರ್ಷ ಮುಗಿಸಿದ್ದಳು. ಮುಂದೇನು ಎಂದು ನಾನು ಕೇಳುವುದಕ್ಕೆ ಮೊದಲೇ ದೊಡ್ಡವಳು ತಂಗಿಯ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ‘ಖಾಲಾಗೆ ತೋರಿಸು’ ಎಂದಳು. ಅದರಲ್ಲಿ ನಾಲ್ಕು ಕಾಲೇಜುಗಳ ಹೆಸರು, ಎದುರಿಗೆ ವಿಷಯಗಳು, ಹಾಸ್ಟೆಲ್, ಬಸ್ಸಿನ ಸಮಯ ಎಲ್ಲ ಬರೆದಿತ್ತು. ಕೆಳಗೆ ಕೆಂಪು ಮಸಿಯಲ್ಲಿ ಒಂದೇ ಸಾಲು: ಮೊದಲ ವರ್ಷದಿಂದಲೇ.

ದೂಲ್ಹಾಭಾಯಿ ಅದನ್ನು ಓದಿ ಕನ್ನಡಕ ತೆಗೆದು ಒರೆಸಿದರು. ‘ನೋಡೋಣ’ ಎಂದರು. ಈ ಸಲ ನಾನು ಅಲ್ಲಿಂದ ಏಳಲಿಲ್ಲ. ‘ಯಾವಾಗ ನೋಡುವುದು ಭಾಯಿ, ದಿನ ಹೇಳಿ’ ಎಂದೆ.